ತರಂಗಾಂತರ ಲೈಸೆನ್ಸ್ ಕೊಳ್ಳುವ ಮೊದಲು ಕಾಗದ ನೋಡುವುದು ಹೇಗೆ?

ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆ ಐದು ಸೆಂಟ್ಸ್ ಜಾಗ ಕೊಳ್ಳುವವರೂ ಎಷ್ಟು ಜಾಗ್ರತೆ ಮಾಡುತ್ತಾರೆ ನೋಡಿ. ಆರ್‌ಟಿಸಿ ನೋಡುತ್ತಾರೆ, ಇಸಿ ತೆಗೆಸುತ್ತಾರೆ, ವರ್ಗವಾ ಕುಮ್ಕಿಯಾ ಅಂತ ಕೇಳುತ್ತಾರೆ, ಬಾವಿ ಯಾರ ಗಡಿಯೊಳಗೆ ಬರುತ್ತದೆ ಅಂತ ಟೇಪು ಹಿಡಿದು ಅಳೆಯುತ್ತಾರೆ. ಅದೇ ಜನರ ಮುಂದೆ ರೇಡಿಯೋ ತರಂಗಾಂತರದ (ಸ್ಪೆಕ್ಟ್ರಮ್) ಲೈಸೆನ್ಸ್, ಅಂದರೆ ಇಂತಿಂಥ ಫ್ರೀಕ್ವೆನ್ಸಿ ಬಳಸಲು ಸರ್ಕಾರ ಕೊಡುವ ಅನುಮತಿ, ಇಟ್ಟರೆ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ನೋಡಿ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಕಣ್ಣಿಗೆ ಕಾಣದ ಆಸ್ತಿ, ಹಾಗಾಗಿ ಏನು ನೋಡಬೇಕು ಅಂತಲೇ ಗೊತ್ತಾಗುವುದಿಲ್ಲ.

ನಾನು ಮಂಗಳೂರಿನಲ್ಲಿ ಕೂತು ಇಂಥ ಕಾಗದ ನೋಡುವ ಕೆಲಸ ಮಾಡುತ್ತೇನೆ. ಒಂದು ಸಲ ಬೈಕಂಪಾಡಿಯ ಒಬ್ಬರು ಫೈಲ್ ತಂದರು. ಒಂದು ಸೆಕ್ಯುರಿಟಿ ಏಜೆನ್ಸಿ ಮುಚ್ಚುತ್ತಿತ್ತು, ಅದರ ವಾಕಿಟಾಕಿ ಸೆಟ್‌ಗಳನ್ನು 'ಫ್ರೀಕ್ವೆನ್ಸಿ ಲೈಸೆನ್ಸ್ ಸಮೇತ' ಕೊಡುತ್ತೇವೆ ಅಂದಿದ್ದರಂತೆ. ಒಂದು ಸೆಟ್ ತರಿಸಿದೆ. ಬ್ಯಾಟರಿ ಕಳಚಿದರೆ ಹಿಂದೆ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಮಾಡೆಲ್, ಸೀರಿಯಲ್ ನಂಬರ್. ಉಪ್ಪುಗಾಳಿಗೆ ಆ ಸ್ಟಿಕ್ಕರ್‌ನ ಅಂಚು ಎದ್ದುಹೋಗಿತ್ತು, ಆದರೆ ನಂಬರ್ ಓದಲು ಬರುತ್ತಿತ್ತು. ಲೈಸೆನ್ಸಿನ ಪಟ್ಟಿಯಲ್ಲಿ ಆ ನಂಬರೇ ಇಲ್ಲ. ಪಟ್ಟಿಯಲ್ಲಿ 12 ಸೆಟ್, ಮೇಜಿನ ಮೇಲೆ 20. ಬೇಸ್ ಸ್ಟೇಷನ್‌ನ ಅಕ್ಷಾಂಶ ರೇಖಾಂಶ ಮೊಬೈಲ್ ಮ್ಯಾಪಿಗೆ ಹಾಕಿದರೆ ಅದು ಘಟ್ಟದ ಮೇಲಿನ ಊರು ತೋರಿಸಿತು. ಅವಧಿಯೂ ಮುಗಿದಿತ್ತು. ಇದೆಲ್ಲಕ್ಕಿಂತ ದೊಡ್ಡ ವಿಷಯ ಬೇರೆ, ಆ ಲೈಸೆನ್ಸ್ ಮಾರುವ ಹಕ್ಕೇ ಅವರಿಗಿರಲಿಲ್ಲ.

ಹಾಗಾಗಿ ಶುರು ಮಾಡುವುದು ಅಲ್ಲಿಂದ.

ಹೆಜ್ಜೆ 1: ಇದು ಮಾರಲು ಬರುತ್ತದಾ?

ಕುಮ್ಕಿ ಜಾಗ ಗೊತ್ತಲ್ವಾ. ವರ್ಗ ಜಾಗಕ್ಕೆ, ಅಂದರೆ ಸ್ವಂತ ಪಟ್ಟೆ ಜಾಗಕ್ಕೆ, ತಾಗಿದ ಸರ್ಕಾರಿ ಜಾಗ. ಸೊಪ್ಪು ತರಬಹುದು, ಸೌದೆ ತರಬಹುದು, ಅನುಭವಿಸಬಹುದು, ಆದರೆ ನನ್ನದು ಅಂತ ಮಾರುವ ಹಾಗಿಲ್ಲ. ತರಂಗಾಂತರದಲ್ಲೂ ಬಹುಪಾಲು ಲೈಸೆನ್ಸ್ ಕುಮ್ಕಿ ಥರದ್ದೇ.

ಸೆಕ್ಯುರಿಟಿ ಕಂಪನಿ, ಕಾರ್ಖಾನೆ, ಹೋಟೆಲ್ ಬಳಸುವ ವಾಕಿಟಾಕಿಯ ಫ್ರೀಕ್ವೆನ್ಸಿಯನ್ನು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಅರ್ಜಿ ಹಾಕಿದವರ ಸ್ವಂತ ಬಳಕೆಗೆ ಅಂತ ಕೊಟ್ಟಿರುತ್ತದೆ. ಅದು ಸಂತೆಯಲ್ಲಿ ಮಾರುವ ಸರಕಲ್ಲ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಆ ವ್ಯಕ್ತಿಯದ್ದು, ಪರೀಕ್ಷೆ ಪಾಸಾದವನದ್ದು. ಸಮುದಾಯ ರೇಡಿಯೋದ ಅನುಮತಿ, ಅಂದರೆ ಮಂಗಳೂರಿನ ಸಾರಂಗ್ 107.8, ಮಣಿಪಾಲದ ರೇಡಿಯೋ ಮಣಿಪಾಲ್ 90.4 ಇವುಗಳಿಗೆ ಇರುವಂಥದ್ದು, ಆ ಸಂಸ್ಥೆಗೇ ಸೇರಿದ್ದು, ಕೈ ಬದಲಾಯಿಸಲು ಬರುವುದಿಲ್ಲ. ಖಾಸಗಿ ಎಫ್‌ಎಂ ಚಾನೆಲ್ ಮಾಹಿತಿ ಮತ್ತು ಪ್ರಸಾರ ಸಚಿವಾಲಯದ ಕೆಳಗೆ ಬರುತ್ತದೆ, ಅದರ ದಾರಿಯೇ ಬೇರೆ. ಮೂರನೇ ಹಂತದ ನೀತಿಯಲ್ಲಿ 15 ವರ್ಷದ ಅನುಮತಿ, ಕೈ ಬದಲಾಗಬೇಕಾದರೆ ಸಚಿವಾಲಯದ ಒಪ್ಪಿಗೆ ಬೇಕೇ ಬೇಕು.

ಇನ್ನೊಂದು ಮೋಸ ಇದೆ. ಲೈಸೆನ್ಸೇ ಬೇಡದ ಬ್ಯಾಂಡನ್ನು, ಅಂದರೆ ಫ್ರೀಕ್ವೆನ್ಸಿಗಳ ಪಟ್ಟಿಯನ್ನು, 'ಲೈಸೆನ್ಸ್ ಇದೆ' ಅಂತ ಮಾರುವುದು. 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಕಡಿಮೆ ಪವರಿನ ವಾಕಿಟಾಕಿಗೆ, 2.4 ಗಿಗಾಹರ್ಟ್ಸ್‌ನ ವೈಫೈಗೆ ನಿಗದಿತ ಪವರ್ ಮಿತಿಯೊಳಗೆ ಲೈಸೆನ್ಸ್ ಬೇಡ. ಅಲ್ಲಿ ನೋಡಬೇಕಾದ್ದು ಸೆಟ್‌ಗೆ ಇಟಿಎ ಪ್ರಮಾಣಪತ್ರ (ಆ ಮಾದರಿಯ ಉಪಕರಣಕ್ಕೆ ಡಬ್ಲ್ಯುಪಿಸಿ ಕೊಡುವ ಒಪ್ಪಿಗೆ) ಇದೆಯಾ ಅಂತ ಮಾತ್ರ. ಎಲ್ಲರಿಗೂ ಬಿಟ್ಟ ಕಡಲತೀರಕ್ಕೆ ಯಾರೋ ಬೇಲಿ ಹಾಕಿ ದುಡ್ಡು ಕೇಳಿದರೆ ಕೊಡುತ್ತೀರಾ?

ನಿಜವಾಗಿ ಮಾರಲು ಬರುವುದು ಮೊಬೈಲ್ ಸೇವೆಯ ತರಂಗಾಂತರ. ಅದಕ್ಕೆ 2015ರ ಅಕ್ಟೋಬರ್‌ನಲ್ಲಿ ದೂರಸಂಪರ್ಕ ಇಲಾಖೆ ಟ್ರೇಡಿಂಗ್ (ಕಂಪನಿಗಳ ನಡುವಿನ ಮಾರಾಟ) ಮಾರ್ಗಸೂಚಿ ಹೊರಡಿಸಿತು. ಅದರಲ್ಲೂ ಎಲ್ಲವೂ ಮಾರಲು ಬರುವುದಿಲ್ಲ. 2010 ಅಥವಾ ಆಮೇಲೆ ಹರಾಜಿನಲ್ಲಿ ಪಡೆದದ್ದು ಬರುತ್ತದೆ. ಹಿಂದೆ ಹರಾಜಿಲ್ಲದೆ ಸಿಕ್ಕಿದ್ದಾದರೆ, ಅದಕ್ಕೆ ಸರ್ಕಾರ ಹೇಳಿದ ಮಾರುಕಟ್ಟೆ ಬೆಲೆ ಕಟ್ಟಿರಬೇಕು. ಜೊತೆಗೆ ಕೈಗೆ ಬಂದು 2 ವರ್ಷ ಆಗಿರಬೇಕು. ದರ್ಖಾಸ್ತು ಜಾಗವನ್ನು ಇಷ್ಟು ವರ್ಷ ಪರಭಾರೆ ಮಾಡಬಾರದು ಅಂತ ಷರತ್ತು ಇರುತ್ತದಲ್ಲ, ಹಾಗೇ ಇದು.

ಮೊದಲು ಕೇಳಬೇಕಾದ ಕಾಗದ ಎರಡು: ಹರಾಜಿನ ಅರ್ಜಿ ಆಹ್ವಾನ ಪತ್ರ, ಫ್ರೀಕ್ವೆನ್ಸಿ ಹಂಚಿಕೆ ಪತ್ರ. ನಿಮ್ಮ ಲೈಸೆನ್ಸಿನ ಮೂಲಪಟ್ಟೆ ಅಂದರೆ ಇವೇ. 'ಕಳೆದುಹೋಗಿದೆ, ಪ್ರತಿ ಇದೆ' ಅಂದರೆ ಅಲ್ಲೇ ನಿಲ್ಲಿ.

ಹೆಜ್ಜೆ 2: ನೀವು ಕೊಳ್ಳಬಹುದಾ?

ಇದನ್ನು ಕೇಳದೆ ಮುಂದೆ ಹೋದವರು ತುಂಬಾ ಜನ. ಭಾರತದಲ್ಲಿ ಮಾರುವವರೂ ಕೊಳ್ಳುವವರೂ ಇಬ್ಬರೂ ಮೊಬೈಲ್ ಸೇವೆ ಕೊಡುವ ಲೈಸೆನ್ಸ್ ಇದ್ದವರೇ ಆಗಿರಬೇಕು. ದುಡ್ಡಿದೆ ಅಂತ ಹೂಡಿಕೆದಾರ ಬಂದು ತರಂಗಾಂತರ ಕೊಂಡು ಇಟ್ಟುಕೊಳ್ಳುವ ಹಾಗಿಲ್ಲ.

ಮತ್ತೆ, ಮಂಗಳೂರು ಉಡುಪಿಗೆ ಮಾತ್ರ ಸಾಕು ಅಂದರೂ ಆಗುವುದಿಲ್ಲ. ದೇಶದಲ್ಲಿ 22 ಸೇವಾ ವಲಯಗಳಿವೆ, ಇಡೀ ಕರ್ನಾಟಕ ಒಂದು ವಲಯ. ಮಾರಾಟ ವಲಯದ ಲೆಕ್ಕದಲ್ಲೇ. ಬೀದರ್ ಬಿಟ್ಟು ಬೈಂದೂರು ಮಾತ್ರ ಕೊಡಿ ಅಂತ ಕೇಳಲು ಬರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಅದಾನಿ ಡೇಟಾ ನೆಟ್‌ವರ್ಕ್ಸ್‌ನಿಂದ 26 ಗಿಗಾಹರ್ಟ್ಸ್ ಬ್ಯಾಂಡಿನ 400 ಮೆಗಾಹರ್ಟ್ಸ್ ಕೊಳ್ಳುವ ಒಪ್ಪಂದವನ್ನು ಏರ್‌ಟೆಲ್ ಪ್ರಕಟಿಸಿತಲ್ಲ, ಅದರಲ್ಲಿ ಕರ್ನಾಟಕದ ಪಾಲು 50 ಮೆಗಾಹರ್ಟ್ಸ್. ಅದೂ ಇಡೀ ರಾಜ್ಯಕ್ಕೆ.

ಒಬ್ಬರ ಹತ್ತಿರ ಎಷ್ಟಿರಬಹುದು ಅನ್ನುವುದಕ್ಕೂ ಮಿತಿ ಇದೆ, ಆ ಮಿತಿ ಬದಲಾಗುತ್ತಲೂ ಇರುತ್ತದೆ. ಮೊದಲು ಒಟ್ಟು ತರಂಗಾಂತರದ ಶೇ. 25 ಅಂತಿತ್ತು, 2018ರಲ್ಲಿ ಶೇ. 35 ಮಾಡಿದರು, ಆಮೇಲೆ ಮತ್ತೆ ಬದಲಾಯಿತು. ಸಹಿ ಹಾಕುವ ದಿನದ ನಿಯಮ ನೋಡಿ ಲೆಕ್ಕ ಹಾಕಿ, ಕೊಂಡದ್ದನ್ನೂ ಸೇರಿಸಿ.

ಪಣಂಬೂರಿನ ಗೋದಾಮಿಗೋ ಕಾರ್ಖಾನೆಗೋ ಸ್ವಂತ 5ಜಿ ನೆಟ್‌ವರ್ಕ್ ಬೇಕು ಅನ್ನುವವರಿಗೆ ಕೊಳ್ಳುವುದು ದಾರಿಯೇ ಅಲ್ಲ. ಅವರಿಗೆ 2022ರ ಜೂನ್‌ನಲ್ಲಿ ಬಂದ ಕ್ಯಾಪ್ಟಿವ್ ನೆಟ್‌ವರ್ಕ್ ಮಾರ್ಗಸೂಚಿ ಇದೆ, ಮೊಬೈಲ್ ಕಂಪನಿಯಿಂದ ಲೀಸಿಗೆ ತೆಗೆದುಕೊಳ್ಳಬಹುದು. ಗೇಣಿಗೆ ಸಿಗುವ ಗದ್ದೆಗೆ ಕ್ರಯಪತ್ರ ಯಾಕೆ?

ಹೆಜ್ಜೆ 3: ಹಳೇ ಬಾಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಸಿಗ್ನಲ್ ಚೆನ್ನಾಗಿದೆಯಾ ಅಂತ ಎಲ್ಲರೂ ನೋಡುತ್ತಾರೆ. ಮಾರುವವನು ಸರ್ಕಾರಕ್ಕೆ ಹಿಂದಿನ ಹತ್ತು ವರ್ಷದಲ್ಲಿ ಏನು ಕಟ್ಟಿಲ್ಲ ಅಂತ ನೋಡುವವರು ಕಡಿಮೆ, ಮತ್ತು ದೊಡ್ಡ ಪೆಟ್ಟು ಬೀಳುವುದು ಅಲ್ಲೇ.

2015ರ ಮಾರ್ಗಸೂಚಿ ಹೇಳುವುದು ಹೀಗೆ. ಒಪ್ಪಂದ ಮಾಡಿಕೊಳ್ಳುವ ಮೊದಲು ಮಾರುವವನು ಎಲ್ಲ ಬಾಕಿ ಕಟ್ಟಬೇಕು. ಆಮೇಲೆ, ಮಾರಾಟ ಜಾರಿಗೆ ಬರುವ ದಿನದವರೆಗಿನ ಬಾಕಿ ಏನಾದರೂ ಎದ್ದರೆ ಅದು ಕೊಂಡವನ ತಲೆಗೆ. ಇನ್ನೂ ಒಂದು ಸಾಲಿದೆ: ಜಾರಿಯಾದ ದಿನ ಗೊತ್ತಿರದ ಹಳೇ ಬಾಕಿ ಮುಂದೆ ಯಾವಾಗಲಾದರೂ ಗೊತ್ತಾದರೆ, ಸರ್ಕಾರ ತನ್ನ ಇಷ್ಟದಂತೆ ಇಬ್ಬರಿಂದಲೂ, ಅಥವಾ ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲು ಮಾಡಬಹುದು. ಆ ಸಾಲನ್ನು ಎರಡು ಸಲ ಓದಿ. ಇಬ್ಬರಲ್ಲಿ ಒಬ್ಬ ದಿವಾಳಿ, ಇನ್ನೊಬ್ಬ ಗಟ್ಟಿ ಅಂತಾದರೆ ಯಾರ ಬಾಗಿಲು ತಟ್ಟುತ್ತಾರೆ?

ಇದು ಬರೀ ಕಾಗದದ ಹೆದರಿಕೆ ಅಲ್ಲ. 2016ರಲ್ಲಿ ಏರ್‌ಟೆಲ್ ವಿಡಿಯೋಕಾನ್‌ನಿಂದ 6 ವಲಯಗಳ 1800 ಮೆಗಾಹರ್ಟ್ಸ್ ತರಂಗಾಂತರವನ್ನು 4,428 ಕೋಟಿ ರೂಪಾಯಿಗೆ ಕೊಂಡಿತು. 2019ರ ಅಕ್ಟೋಬರ್ 24ರಂದು ಎಜಿಆರ್ (ಶುಲ್ಕದ ಲೆಕ್ಕಕ್ಕೆ ಹಿಡಿಯುವ ಹೊಂದಾಣಿಕೆ ಮಾಡಿದ ಒಟ್ಟು ಆದಾಯ) ಪ್ರಕರಣದ ತೀರ್ಪು ಬಂತು, ಕಂಪನಿಯ ಯಾವ ಯಾವ ಆದಾಯದ ಮೇಲೆ ಶುಲ್ಕ ಅನ್ನುವುದರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ವಾದ ಒಪ್ಪಿತು. ಎಲ್ಲ ಕಂಪನಿಗಳ ಲೈಸೆನ್ಸ್ ಶುಲ್ಕದ ಬಾಕಿಯೇ 92,000 ಕೋಟಿ ದಾಟಿತು. 2021ರ ಆಗಸ್ಟ್‌ನಲ್ಲಿ ವಿಡಿಯೋಕಾನ್‌ನ ಬಾಕಿ ಸುಮಾರು 1,376 ಕೋಟಿ ಕಟ್ಟಿ ಅಂತ ಏರ್‌ಟೆಲ್‌ಗೆ ಪತ್ರ ಹೋಯಿತು, ವಿಷಯ ಕೋರ್ಟ್ ಮೆಟ್ಟಿಲೇರಿತು. ಕೊಂಡು ಐದು ವರ್ಷ ಆದ ಮೇಲೆ! ಇನ್ನೊಂದು ಕಡೆ ರಿಲಯನ್ಸ್ ಕಮ್ಯುನಿಕೇಷನ್ಸ್ ತನ್ನ ತರಂಗಾಂತರ, ಟವರ್‌ಗಳನ್ನು ಜಿಯೋಗೆ ಮಾರುವುದಾಗಿ 2017ರ ಡಿಸೆಂಬರ್‌ನಲ್ಲಿ ಹೇಳಿತು. ಹಳೇ ಬಾಕಿಗೆ ಯಾರು ಜವಾಬ್ದಾರಿ ಅನ್ನುವುದು ಇತ್ಯರ್ಥ ಆಗದೆ 2019ರ ಮಾರ್ಚ್‌ನಲ್ಲಿ ಆ ಒಪ್ಪಂದ ಮುರಿದುಬಿತ್ತು. ನನ್ನ ಪ್ರಕಾರ ಹೊಣೆ ಒಪ್ಪಿಕೊಳ್ಳದೆ ಕೈಬಿಟ್ಟ ಒಪ್ಪಂದ, ಒಪ್ಪಿಕೊಂಡು ಸಿಕ್ಕಿಬಿದ್ದ ಒಪ್ಪಂದಕ್ಕಿಂತ ಎಷ್ಟೋ ವಾಸಿ.

ಹಾಗಾದರೆ ಏನು ಮಾಡಬೇಕು? ವರ್ಷ ವರ್ಷಕ್ಕೆ ಪ್ರತ್ಯೇಕವಾಗಿ ಲೈಸೆನ್ಸ್ ಶುಲ್ಕದ ಅಸೆಸ್‌ಮೆಂಟ್ ಆದೇಶ ಕೇಳಿ. ಯಾವ ವರ್ಷದ ಅಸೆಸ್‌ಮೆಂಟ್ ಅಂತಿಮ ಆಗಿದೆ, ಯಾವುದು ತಾತ್ಕಾಲಿಕ ಅಂತ ಬೇರೆ ಬೇರೆ ಬಣ್ಣದಲ್ಲಿ ಗುರುತು ಹಾಕಿ. ಅಂತಿಮ ಆಗದ ವರ್ಷಗಳೇ ನಿಮ್ಮ ಅಪಾಯ. ತರಂಗಾಂತರ ಬಳಕೆ ಶುಲ್ಕದ್ದು ಬೇರೆ ಕಡತ, ಅದನ್ನೂ ಕೇಳಿ. 2021ರ ಸೆಪ್ಟೆಂಬರ್ ಸುಧಾರಣೆ ಆದ ಮೇಲಿನ ಹರಾಜುಗಳಲ್ಲಿ ಪಡೆದದ್ದಕ್ಕೆ ಆ ಶುಲ್ಕ ಇಲ್ಲ, ಅದಕ್ಕಿಂತ ಹಿಂದಿನದ್ದಕ್ಕೆ ಇದೆ. ಇಲಾಖೆಯ ಲೆಕ್ಕ ನಿಯಂತ್ರಕರ ಕಚೇರಿಯ ಜೊತೆ ನಡೆದ ಪತ್ರ ವ್ಯವಹಾರ, ಡಿಮ್ಯಾಂಡ್ ನೋಟಿಸ್, ಆಡಿಟ್ ಆಕ್ಷೇಪ ಎಲ್ಲದರ ಪ್ರತಿ ಇರಲಿ. ಟಿಡಿಸ್ಯಾಟ್ (ದೂರಸಂಪರ್ಕ ವ್ಯಾಜ್ಯದ ನ್ಯಾಯಮಂಡಳಿ), ಹೈಕೋರ್ಟ್, ಸುಪ್ರೀಂ ಕೋರ್ಟ್, ಎನ್‌ಸಿಎಲ್‌ಟಿ (ಕಂಪನಿ, ದಿವಾಳಿ ವಿಷಯದ ನ್ಯಾಯಮಂಡಳಿ) ನಾಲ್ಕೂ ಕಡೆ ಮಾರುವ ಕಂಪನಿಯ ಹೆಸರು ಹಾಕಿ ನೀವೇ ಹುಡುಕಿ. ಹಳೇ ಹೆಸರಲ್ಲೂ ಹುಡುಕಿ, ಕಂಪನಿಗಳು ಹೆಸರು ಬದಲಿಸುತ್ತವೆ. ಅವರು ಕೊಟ್ಟ ಪಟ್ಟಿಯನ್ನೇ ನಂಬಿ ಸುಮ್ನೆ ಕೂರಬೇಡಿ.

ಬ್ಯಾಂಕಿನ ಸಾಲಕ್ಕೆ ಲೈಸೆನ್ಸ್ ಅಡವಿದೆಯಾ ಅನ್ನುವುದು ಕಂಪನಿ ನೋಂದಣಿ ಇಲಾಖೆಯ ಚಾರ್ಜ್ ದಾಖಲೆಯಲ್ಲಿ ಸಿಗುತ್ತದೆ. ಇದು ನಿಮ್ಮ ಇಸಿ ಇದ್ದ ಹಾಗೆ.

ಹೆಜ್ಜೆ 4: ಉಳಿದ ವರ್ಷ, ಉಳಿದ ಕಂತು

ಟ್ರೇಡಿಂಗ್‌ನಲ್ಲಿ ಕೊಂಡರೆ ಅವಧಿ ಹೊಸದಾಗಿ ಶುರುವಾಗುವುದಿಲ್ಲ. 20 ವರ್ಷದ ಲೈಸೆನ್ಸಿನಲ್ಲಿ 6 ಮುಗಿದಿದ್ದರೆ ನಿಮಗೆ ಸಿಗುವುದು 14 ಮಾತ್ರ. ಜೊತೆಗೆ ಹರಾಜಿನ ದುಡ್ಡನ್ನು ಕಂತಿನಲ್ಲಿ ಕಟ್ಟುತ್ತಿದ್ದರೆ ಉಳಿದ ಕಂತಿನ ಭಾರವೂ ಬರಬಹುದು.

ಒಂದು ಕಲ್ಪಿತ ಲೆಕ್ಕ ಹಾಕೋಣ. ಹರಾಜಿನ ಬೆಲೆ 20 ಕೋಟಿ, 2022ರ ಹರಾಜಿನ ಷರತ್ತಿನ ಹಾಗೆ ವರ್ಷದ ಮೊದಲಲ್ಲೇ ಕಟ್ಟುವ 20 ಸಮ ಕಂತು, ಬಡ್ಡಿ ಶೇ. 7.2. ವರ್ಷಕ್ಕೆ ಸುಮಾರು 1.79 ಕೋಟಿ ಆಗುತ್ತದೆ. 6 ಕಂತು ಕಟ್ಟಿಯಾಗಿದೆ, ಉಳಿದದ್ದು 14, ಕೂಡಿಸಿದರೆ 25 ಕೋಟಿ. ಅದೇ ಬಡ್ಡಿಯಲ್ಲಿ ಇವತ್ತಿನ ಬೆಲೆಗೆ ಇಳಿಸಿದರೆ ಸುಮಾರು 16.6 ಕೋಟಿ. ಈಗ ಮಾರುವವನು 'ಬರೀ 5 ಕೋಟಿ ಕೊಡಿ ಸಾಕು' ಅನ್ನುತ್ತಾನೆ. ಕಡಿಮೆ ಅನ್ನಿಸುತ್ತದೆ. ಆದರೆ ನೀವು ನಿಜವಾಗಿ ಕೊಡುತ್ತಿರುವುದು 21.6 ಕೋಟಿ, ಅದೂ 14 ವರ್ಷಕ್ಕೆ. ಅವನು 20 ವರ್ಷಕ್ಕೇ ಕೊಟ್ಟದ್ದು 20 ಕೋಟಿ! ಈ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಹತ್ತು ನಿಮಿಷದಲ್ಲಿ ಹಾಕಬಹುದು, ದಯವಿಟ್ಟು ಹಾಕಿ.

2021ರ ಏಪ್ರಿಲ್‌ನಲ್ಲಿ ಏರ್‌ಟೆಲ್‌ನಿಂದ ಆಂಧ್ರ, ದೆಹಲಿ, ಮುಂಬೈಯ 800 ಮೆಗಾಹರ್ಟ್ಸ್ ಕೊಳ್ಳುವ ಒಪ್ಪಂದಕ್ಕೆ ಜಿಯೋ ಬಂತಲ್ಲ, ಅಲ್ಲಿ ಈ ಎರಡು ಭಾಗ ಬಿಡಿಸಿ ಹೇಳಿದ್ದರು. ಕೈಗೆ 1,037.6 ಕೋಟಿ, ಮುಂದಿನ ಕಂತಿನ ಹೊಣೆ 459 ಕೋಟಿ. ನಿಮ್ಮ ಒಪ್ಪಂದದಲ್ಲೂ ಎರಡು ಅಂಕಿ ಬೇರೆ ಬೇರೆ ಇರಲಿ.

ಇದರ ಮೇಲೆ ವರ್ಗಾವಣೆ ಶುಲ್ಕ ಇದೆ. ಮಾರಾಟದ ಮೊತ್ತ ಅಥವಾ ಸರ್ಕಾರ ಹೇಳಿದ ಮಾರುಕಟ್ಟೆ ಬೆಲೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಶೇ. 1. ಕೊಳ್ಳುವವನು ಕಟ್ಟಬೇಕು, ವಾಪಸ್ ಬರುವುದಿಲ್ಲ. ಹಾಗಾಗಿ ಕಡಿಮೆ ಬೆಲೆ ತೋರಿಸಿ ಶುಲ್ಕ ಉಳಿಸುವ ಯೋಚನೆ ಇಲ್ಲಿ ನಡೆಯುವುದಿಲ್ಲ.

ಹೆಜ್ಜೆ 5: ಮಾಡದೆ ಬಿಟ್ಟ ಕೆಲಸ

ಲೈಸೆನ್ಸಿನ ಜೊತೆ ಇಷ್ಟು ವರ್ಷದಲ್ಲಿ ಇಷ್ಟು ಊರಿಗೆ ಸೇವೆ ಕೊಡಬೇಕು ಅನ್ನುವ ಷರತ್ತು ಇರುತ್ತದೆ. ಮಾರಿದ ಕೂಡಲೇ ಅದು ಮಾಯ ಆಗುವುದಿಲ್ಲ, ಕೊಂಡವನ ಹೆಗಲಿಗೆ ಬರುತ್ತದೆ. ಗಡುವು ಯಾವಾಗ, ಎಷ್ಟು ಆಗಿದೆ, ಇಲಾಖೆಯ ಪರೀಕ್ಷಾ ಪ್ರಮಾಣಪತ್ರ ಇದೆಯಾ, ಮೊದಲೇ ದಂಡ ಬಿದ್ದಿದೆಯಾ ನೋಡಿ. ಮಾಡಿದ್ದೇವೆ ಅಂತ ಬಾಯಲ್ಲಿ ಹೇಳಿದರೆ ಸಾಲದು. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಇದು ಇನ್ನೂ ಮುಖ್ಯ. ಸರಿಯಾದ ಕಾರಣ ಇಲ್ಲದೆ ಬಳಸದೆ ಬಿಟ್ಟ ತರಂಗಾಂತರವನ್ನು ಸರ್ಕಾರ ಹಿಂದಕ್ಕೆ ಪಡೆಯಲು ಅದರ 7ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಹಡಿಲು ಬಿದ್ದ ಗದ್ದೆ ಕೊಂಡು ಮತ್ತೆ ಹಡಿಲೇ ಬಿಡುತ್ತೇನೆ ಅನ್ನುವ ಹಾಗಿಲ್ಲ.

ಹೆಜ್ಜೆ 6: ಹೊರಗೆ ಹೋಗಿ ಅಳೆಯಿರಿ

ಈಗ ಸಿಗ್ನಲ್. ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್ ಬಾಡಿಗೆಗೆ ತನ್ನಿ, ಅದು ಗೊತ್ತಿರುವ ಇಂಜಿನಿಯರ್‌ನನ್ನು ಕರೆಯಿರಿ. ಕನಿಷ್ಠ ಒಂದು ವಾರ, ಹಗಲು ರಾತ್ರಿ ದಾಖಲೆ ಆಗಲಿ. ಬೆಳಿಗ್ಗೆ ಹನ್ನೊಂದಕ್ಕೆ ಅರ್ಧ ಗಂಟೆ ನೋಡಿ 'ಕ್ಲೀನ್ ಇದೆ' ಅನ್ನುವ ವರದಿಗೆ ಬೆಲೆ ಇಲ್ಲ.

ನಮ್ಮ ಕರಾವಳಿಗೆ ಅದರದ್ದೇ ಗುಣ ಇದೆ. ಪಶ್ಚಿಮಕ್ಕೆ ತಡೆ ಇಲ್ಲದ ಸಮುದ್ರ. ಸೆಕೆಯ ರಾತ್ರಿಗಳಲ್ಲಿ ನೀರಿನ ಮೇಲಿನ ಗಾಳಿಯ ಪದರ ಒಂದು ಕೊಳವೆಯ ಹಾಗೆ ಕೆಲಸ ಮಾಡಿ ದೂರದ ಸಿಗ್ನಲ್ಲನ್ನು ಹೊತ್ತು ತರುತ್ತದೆ. ಇಂಜಿನಿಯರ್‌ಗಳು ಡಕ್ಟಿಂಗ್ ಅನ್ನುತ್ತಾರೆ. ಎಫ್‌ಎಂ ತಿರುಗಿಸುವಾಗ ಇದ್ದಕ್ಕಿದ್ದ ಹಾಗೆ ಅರಬಿ ಭಾಷೆ ಕೇಳುವುದು ಇದರಿಂದಲೇ. ನಮ್ಮ ಬ್ಯಾಂಡಿನಲ್ಲೂ ಹೀಗೆ ಹೊರಗಿನ ಗದ್ದಲ ಬರಬಹುದು, ಅದು ಸಂಜೆ ಮೇಲೆ ಬರುತ್ತದೆ, ಕೆಲವು ದಿನ ಮಾತ್ರ ಬರುತ್ತದೆ. ಮಲ್ಪೆ ಕಡಲತೀರದಲ್ಲಿ ಒಂದು, ಮಣಿಪಾಲದ ಎಂಡ್ ಪಾಯಿಂಟಿನಂಥ ಎತ್ತರದಲ್ಲಿ ಒಂದು, ಕಾರ್ಕಳದಿಂದ ಒಳಗೆ ಘಟ್ಟದ ಬುಡದಲ್ಲಿ ಒಂದು ಅಳತೆ ತೆಗೆದರೆ ಮೂರೂ ಬೇರೆ ಬೇರೆ ಕಥೆ ಹೇಳುತ್ತವೆ.

ಇನ್ನು ಮಳೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಸುರಿಯುತ್ತದೆ. 26 ಗಿಗಾಹರ್ಟ್ಸ್‌ನಂಥ ಮೇಲಿನ ಬ್ಯಾಂಡಿನಲ್ಲಿ, ಗಂಟೆಗೆ 50 ಮಿಲಿಮೀಟರ್ ವೇಗದ ಮಳೆ ಹೊಡೆಯುವಾಗ ಒಂದು ಕಿಲೋಮೀಟರಿಗೆ ಸುಮಾರು 8 ಡೆಸಿಬೆಲ್ ಹೋಗುತ್ತದೆ. ಅಂದರೆ ಹೊರಟ ಸಿಗ್ನಲ್‌ನ ಆರರಲ್ಲಿ ಒಂದು ಪಾಲು ಮಾತ್ರ ಮುಟ್ಟುತ್ತದೆ. ಆಷಾಢದ ಮಳೆ ನೋಡಿದವರಿಗೆ ಅಂಥ ಅಬ್ಬರ ಎಷ್ಟು ಸಲ ಬರುತ್ತದೆ ಅಂತ ಗೊತ್ತು. ಜನವರಿಯ ಬಿಸಿಲಿನಲ್ಲಿ ತೆಗೆದ ವರದಿ ಹಿಡಿದು ಬೆಲೆ ಕಟ್ಟಬೇಡಿ. ಕೆಳಗಿನ ಬ್ಯಾಂಡುಗಳಿಗೆ ಮಳೆಯ ತೊಂದರೆ ಕಡಿಮೆ, ಆದರೆ ಒದ್ದೆ ತೆಂಗಿನ ಗರಿ, ಅಡಿಕೆ ತೋಟ, ದಪ್ಪ ಮುರಕಲ್ಲಿನ ಗೋಡೆ ಸಿಗ್ನಲ್ ತಿನ್ನುತ್ತವೆ. ಬೆಂಗಳೂರಿನಲ್ಲಿ ಕೂತು ಮಾಡಿದ ಕವರೇಜ್ ನಕ್ಷೆಯಲ್ಲಿ ಇವು ಸರಿಯಾಗಿ ಸೇರಿರುವುದು ಅಪರೂಪ.

ನೆನಪಿಡಿ, ನೀವು ಕೇಳಿಸಿಕೊಂಡು ಅಳೆಯಬಹುದು, ಸಿಗ್ನಲ್ ಬಿಡುವ ಹಾಗಿಲ್ಲ. ಟೆಸ್ಟಿಗೆ ಸಿಗ್ನಲ್ ಬಿಡಬೇಕಾದರೆ ಲೈಸೆನ್ಸ್ ಇರುವ ಮಾರುವವರೇ ಬಿಡಲಿ.

ಹೆಜ್ಜೆ 7: ಒಪ್ಪಂದ, 45 ದಿನ, ದುಡ್ಡು

ಇಬ್ಬರೂ ಸೇರಿ, ಮಾರಾಟ ಜಾರಿಯಾಗುವ 45 ದಿನ ಮೊದಲು ಇಲಾಖೆಗೆ ತಿಳಿಸಬೇಕು, ಎಲ್ಲ ಷರತ್ತು ಪಾಲಿಸಿದ್ದೇವೆ ಅಂತ ಮುಚ್ಚಳಿಕೆ ಕೊಡಬೇಕು. ಪೂರ್ತಿ ದುಡ್ಡು ಆ ಮೊದಲೇ ಕೊಡಬೇಡಿ. ಎಸ್ಕ್ರೋ ಖಾತೆಯಲ್ಲಿ, ಅಂದರೆ ಷರತ್ತು ಪೂರೈಸುವವರೆಗೆ ಮೂರನೆಯವರ ಕೈಯಲ್ಲಿರುವ ಖಾತೆಯಲ್ಲಿ, ಇಡಿ. ಅದರಲ್ಲೂ ಒಂದು ಪಾಲನ್ನು, ಅಂತಿಮ ಆಗದ ವರ್ಷಗಳ ಅಸೆಸ್‌ಮೆಂಟ್ ಮುಗಿಯುವವರೆಗೆ ತಡೆಹಿಡಿಯಿರಿ. 'ಹಳೇ ಬಾಕಿ ಬಂದರೆ ನಾವು ಕೊಡುತ್ತೇವೆ' ಅನ್ನುವ ಬರಹ ಇರಲೇಬೇಕು, ಆದರೆ ಅದರ ಹಿಂದೆ ಬ್ಯಾಂಕ್ ಗ್ಯಾರಂಟಿ ಇರಬೇಕು. ಕಂಪನಿ ಮುಳುಗಿದ ಮೇಲೆ ಅದರ ಮಾತನ್ನು ನೀರಿನಿಂದ ಎತ್ತಲು ಯಾರಿಗೂ ಆಗುವುದಿಲ್ಲ. ಗ್ಯಾರಂಟಿಯ ಅವಧಿ ಒಂದು ವರ್ಷ ಸಾಲದು, ವಿಡಿಯೋಕಾನ್ ಬಾಕಿಯ ಪತ್ರ ಬಂದದ್ದು ಐದು ವರ್ಷಕ್ಕೆ.

ಹೊರದೇಶದಲ್ಲಿ ಕೊಳ್ಳುವವರಿಗೆ

ನಮ್ಮೂರಿನ ಎಷ್ಟೋ ಹುಡುಗರು ಹೊರಗಿದ್ದು ಸಣ್ಣ ಇಂಟರ್ನೆಟ್ ಕಂಪನಿ ನಡೆಸುತ್ತಾರೆ. ಅಲ್ಲಿ ಸಣ್ಣ ಲೈಸೆನ್ಸುಗಳೂ ನಿಜವಾಗಿ ಮಾರಾಟ ಆಗುತ್ತವೆ, ದಾಖಲೆಯೂ ತೆರೆದಿರುತ್ತದೆ. ಅಮೆರಿಕದಲ್ಲಿ ಎಫ್‌ಸಿಸಿಯ (ಅಲ್ಲಿನ ಸಂಪರ್ಕ ನಿಯಂತ್ರಣ ಆಯೋಗ) ಯುಎಲ್‌ಎಸ್ ತಾಣದಲ್ಲಿ ಕಾಲ್ ಸೈನ್, ಅಂದರೆ ಲೈಸೆನ್ಸಿನ ಗುರುತಿನ ಸಂಕೇತ, ಹಾಕಿದರೆ ಲೈಸೆನ್ಸ್ ಯಾರದ್ದು, ಯಾವಾಗ ಮುಗಿಯುತ್ತದೆ, ನೆಟ್‌ವರ್ಕ್ ಕಟ್ಟುವ ಗಡುವು ಯಾವುದು ಎಲ್ಲ ಸಿಗುತ್ತದೆ. ಗಡುವು ಮೀರಿದ ಲೈಸೆನ್ಸ್ ಕೈಯಲ್ಲೇ ಸತ್ತುಹೋಗಬಹುದು, ಮೊದಲು ಅದನ್ನು ನೋಡಿ. ಆಸ್ಟ್ರೇಲಿಯಾದಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಎಸಿಎಂಎಯ ಲೈಸೆನ್ಸ್ ರಿಜಿಸ್ಟರ್ ಇದೆ. ನ್ಯೂಜಿಲೆಂಡಿನಲ್ಲಿ 1989ರ ಕಾಯ್ದೆಯ ಪ್ರಕಾರ ತರಂಗಾಂತರದ ಹಕ್ಕಿಗೆ ಭೂದಾಖಲೆಯ ಥರದ್ದೇ ರಿಜಿಸ್ಟರ್ ಇದೆ, ಯಾರಾದರೂ ತಕರಾರು ಹಾಕಿದ್ದರೆ ಅಲ್ಲೇ ಕಾಣುತ್ತದೆ. ಮಾರುವವನು ಕಳಿಸಿದ ಪಿಡಿಎಫ್ ಬದಿಗಿಟ್ಟು ಈ ತಾಣಗಳಿಂದ ನೀವೇ ಇಳಿಸಿಕೊಳ್ಳಿ, ಸಹಿ ಹಾಕುವ ದಿನ ಬೆಳಿಗ್ಗೆ ಇನ್ನೊಮ್ಮೆ ಇಳಿಸಿಕೊಳ್ಳಿ.

ಬೈಕಂಪಾಡಿಯವರು ಆ ಏಜೆನ್ಸಿಗೆ ಅಡ್ವಾನ್ಸ್ ಕೊಡಲಿಲ್ಲ. ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲಿನಲ್ಲಿ ತಮ್ಮದೇ ಹೆಸರಲ್ಲಿ ಅರ್ಜಿ ಹಾಕಿದರು, ಇಟಿಎ ಇರುವ ಹೊಸ ಸೆಟ್ ತರಿಸುವುದು ಅಂತಾಯಿತು. ಬೇಸ್ ಸ್ಟೇಷನ್‌ನ ಅಕ್ಷಾಂಶ ರೇಖಾಂಶ ತುಂಬುವ ಮೊದಲು ಅವರು ಗೋದಾಮಿನ ತಾರಸಿ ಹತ್ತಿ ಆಂಟೆನಾ ನಿಲ್ಲುವ ಜಾಗದಲ್ಲೇ ನಿಂತು ಮೊಬೈಲಿನಲ್ಲಿ ನೋಡಿಕೊಂಡರು.